ಉತ್ತರದ ಗೋಡೆಯ ಹದಿನಾಲ್ಕು ಬೋರ್ಡುಗಳು

ಗುರುವಾರ ಸಂಜೆ ಕಾಲೇಜಿನ ಕಲಾ ಗ್ಯಾಲರಿಯ ಬೀಗ ತೆರೆಯುವ ಮೊದಲೇ ಡಿಸ್ಟೆಂಪರಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಲೈಬ್ರರಿಗೆ ಬಳಿಯುತ್ತಿದ್ದಾರೆ ಅಂದುಕೊಂಡೆ. ಸೋಮವಾರ ಪರಿಶೀಲನಾ ಸಮಿತಿ ಬರುವುದಿತ್ತು, ಅದಕ್ಕಾಗಿ ವಾರದಿಂದ ಇಡೀ ಕ್ಯಾಂಪಸ್ಸಿಗೆ ಬಣ್ಣದ ಕೆಲಸ ನಡೆದಿತ್ತು. ಒಳಗೆ ಕಾಲಿಟ್ಟು ಸ್ವಿಚ್ಚು ಹಾಕಿದೆ. ಉತ್ತರದ ಗೋಡೆ ಪೂರ್ತಿ ಬೆಳ್ಳಗಿತ್ತು.

ಬೆಳಿಗ್ಗೆ ಬೀಗ ಹಾಕಿ ಹೋಗುವಾಗ ಆ ಗೋಡೆಯ ಮೇಲೆ ಹದಿನಾಲ್ಕು ಅಂಗಡಿ ಬೋರ್ಡುಗಳಿದ್ದವು. ತಗಡಿನವಲ್ಲ, ಗೋಡೆಗೇ ಬರೆದವು. ಕುಂಬ್ರದ ಹೋಟೆಲು, ಪಂಜದ ಟೈಲರು, ಸುಳ್ಯದ ಛತ್ರಿ ರಿಪೇರಿ, ಕಡಬದ ಸೋಡಾ ಅಂಗಡಿ, ಹಳ್ಳಿಗೆ ಹೋಗುವ ಜೀಪುಗಳ ಹಣೆಯ ಮೇಲಿನ ಹೆಸರುಗಳು. ಬರೆದವರು ಕಡಬದ ಕಡೆಯ ಎಪ್ಪತ್ತೆಂಟು ವರ್ಷದ ಬೋರ್ಡ್ ಬರೆಯುವವರು. ಮೂರು ತಾಲೂಕಿನಲ್ಲಿ ಅವರನ್ನು ಎಲ್ಲರೂ ಕರೆಯುವುದು 'ಆರ್ಟಿಸ್ಟರು' ಎಂದೇ. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ನಿಂತಿತು, ಬರೆದ ಬೋರ್ಡುಗಳು ಒಂದೊಂದಾಗಿ ಗುಜರಿಗೆ ಹೋದವು. ನೆನಪಿನಲ್ಲಿ ಉಳಿದವನ್ನು ನಮ್ಮ ಗೋಡೆಯ ಮೇಲೆ ಬರೆದುಕೊಡಿ ಎಂದು ಗ್ಯಾಲರಿಯ ಹೊಣೆ ಹೊತ್ತ ನಾನೇ ಬೇಡಿ ಕರೆತಂದಿದ್ದೆ. ಒಂದು ಕಣ್ಣಿನ ಪೊರೆ ತೆಗೆದು ಆಗಿತ್ತು, ಇನ್ನೊಂದು ಪೂರ್ತಿ ಮಸುಕು. ಮೂಗು ಗೋಡೆಗೆ ತಾಗುವಷ್ಟು ಹತ್ತಿರ ನಿಂತು, ಕೈ ನಡುಗದಂತೆ ಕೋಲಿಗೆ ಮಣಿಕಟ್ಟು ಊರಿ, ಇಪ್ಪತ್ತೆರಡು ದಿನ ಬರೆದರು. ಇನ್ನು ಬ್ರಷ್ ಹಿಡಿಯುವುದಿಲ್ಲ, ಇದೇ ಕೊನೆ ಎಂದೂ ಹೇಳಿದ್ದರು. ಸಂಭಾವನೆಯ ಮಾತು ಬಂದಾಗ ಕೈಯಾಡಿಸಿ ಒಂದೇ ಒಂದು ಷರತ್ತು ಹಾಕಿದ್ದರು: "ನಾನಿರುವಷ್ಟು ದಿನ ಇದರ ಮೇಲೆ ಯಾರೂ ಬ್ರಷ್ ಹಾಕ್ಬಾರ್ದು, ಆಯ್ತಾ?" ನಾನಿದ್ದೇನಲ್ಲ, ಮಂಡೆಬೆಚ್ಚ ಮಾಡಬೇಡಿ ಎಂದು ನಾನು ದೊಡ್ಡ ಬಾಯಿಯಲ್ಲಿ ಹೇಳಿದ್ದೆ.

ಆ ಗುರುವಾರ ನಾನು ಹೋದದ್ದು ಪಂಜಕ್ಕೆ. ಅವರು ಬರೆದ ಒಂದು ತಗಡಿನ ಬೋರ್ಡು ಅಲ್ಲಿಯ ರಬ್ಬರ್ ಶೀಟು ಒಣಗಿಸುವ ಶೆಡ್ಡಿನ ಗೋಡೆಗೆ ತೇಪೆಯಾಗಿ ಉಳಿದಿದೆ ಎಂದು ಯಾರೋ ಹೇಳಿದ್ದರು. ಹೋಗಿ ನೋಡಿದರೆ ಹೊಗೆಗೆ ಕಪ್ಪಾಗಿ, ತುಕ್ಕು ತಿಂದು, ಒಂದು ಅಕ್ಷರವೂ ಉಳಿದಿರಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿದ್ದೆ. ಹೋಗಲಿ, ಗೋಡೆಯಾದರೂ ಉಂಟಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡಿದ್ದೆ.

ಬಣ್ಣದ ಮೇಸ್ತ್ರಿ ಹೊರಗೆ ನಲ್ಲಿಯ ಬಳಿ ರೋಲರ್ ತೊಳೆಯುತ್ತಿದ್ದರು. ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ಅವರು ಗಾಬರಿಯಿಂದ ಎದ್ದು ನಿಂತರು.

"ಎಂತ ಮೇಡಂ, ಅಡ್ವರ್ಟೈಸ್‌ಮೆಂಟ್ ಎಲ್ಲ ಅಳಿಸಿ ಅಂತ ಆರ್ಡರ್ ಉಂಟಲ್ವಾ? ಕಾಂಪೌಂಡಿಂದು ಬೆಳಿಗ್ಗೆಯೇ ಮುಗಿಸಿದೆವು. ಒಳಗೆ ಕೂಡ ಉಂಟು ಅಂತ ಅಟೆಂಡರ್ ಬೀಗ ತೆಗೆದುಕೊಟ್ಟರು. ಹೋಟೆಲಿಂದು, ಟೈಲರಿಂದು, ಜೀಪಿಂದು... ಕಾಲೇಜಿನ ಒಳಗೆ ಕೂಡ ಬರೆದಿದ್ದಾರಲ್ಲ ಮಾರಾಯ್ರೆ ಇವರು ಅಂತ ನಾವು ಮಾತಾಡಿಕೊಂಡೆವು."

ಅವರ ತಪ್ಪು ಎಂದು ಹೇಳುವುದು ಹೇಗೆ? ನಮ್ಮ ಊರಲ್ಲಿ ರಸ್ತೆ ಬದಿಯ ಯಾವ ಗೋಡೆಯೂ ಬರಿದಾಗಿ ಉಳಿಯುವುದಿಲ್ಲ, ದೊಡ್ಡವರು ಬರುತ್ತಾರೆಂದರೆ ಮೊದಲು ಮಾಡುವ ಕೆಲಸವೇ ಆ ಜಾಹೀರಾತುಗಳ ಮೇಲೆ ಬಳಿಯುವುದು. ಆರ್ಟಿಸ್ಟರ ಬೋರ್ಡುಗಳು ಅಷ್ಟು ಅಸಲಿಯಾಗಿದ್ದವು ಎನ್ನುವುದೇ ಅವುಗಳಿಗೆ ಮುಳುವಾಯಿತು. ಬಣ್ಣ ಬಳಿಯಬಾರದ ಕೋಣೆಗಳ ಬಾಗಿಲಿಗೆ ಕೆಂಪು ಶಾಯಿಯಲ್ಲಿ ಚೀಟಿ ಅಂಟಿಸಬೇಕೆಂದು ಕಚೇರಿಯಿಂದ ಸುತ್ತೋಲೆ ಬಂದಿತ್ತು. ನಾನು ಓದಿ, ಸಹಿ ಹಾಕಿ, ಗ್ಯಾಲರಿಗೆ ಯಾರಾದರೂ ಸುಣ್ಣ ಬಳಿಯುತ್ತಾರಾ ಎಂದು ನಕ್ಕಿದ್ದೆ. ಚೀಟಿ ಅಂಟಿಸಲಿಲ್ಲ. ಮನೆಯಿಂದ ಹೊರಡುವಾಗ ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡುವ ಹೆಂಗಸು ನಾನು, ಒಂದು ಚೀಟಿ ಬರೆಯಲು ನನಗೆ ಏನು ದಾಡಿಯಾಗಿತ್ತು!

ಪ್ರಾಂಶುಪಾಲರ ಕೋಣೆಗೆ ಓಡಿದೆ. ಅವರ ಮೇಜಿನ ಮೇಲೆ ಸಮಿತಿಯ ಕಡತಗಳ ರಾಶಿ. ಅದರಲ್ಲಿ ನಾನೇ ತುಂಬಿಸಿಕೊಟ್ಟ ಹಾಳೆಯೂ ಇತ್ತು, 'ಕಾಲೇಜಿನಲ್ಲಿ ಕಲಾ ಗ್ಯಾಲರಿಯ ಪಾತ್ರ' ಎಂಬ ಕಾಲಮ್ಮಿನಲ್ಲಿ ಸ್ಥಳೀಯ ಪರಂಪರೆಯ ಸಂರಕ್ಷಣೆ, ಸಮುದಾಯದೊಂದಿಗೆ ಒಡನಾಟ ಎಂದೆಲ್ಲ ಕೊರೆದಿದ್ದೆ.

"ಒಂದು ಲೆಕ್ಕದಲ್ಲಿ ಒಳ್ಳೆದೇ ಆಯ್ತು," ಎಂದರು ಅವರು, ಕಡತದಿಂದ ತಲೆಯೆತ್ತದೆ. "ಬಿಳಿ ಗೋಡೆಗೆ ಮಕ್ಕಳ ಪೇಂಟಿಂಗ್ ಹಾಕಿ. ನೀಟಾಗಿ ಕಾಣ್ತದೆ."

"ಸರ್, ಸೋಮವಾರ ಮಧ್ಯಾಹ್ನ ಈ ಗೋಡೆಯ ಉದ್ಘಾಟನೆಗೆ ಆರ್ಟಿಸ್ಟರನ್ನೇ ಕರೆದದ್ದು. ಅವರಿಗೆ ನಾನು ಮಾತು ಕೊಟ್ಟಿದ್ದೇನೆ."

"ಮಾತು ಕೊಡುವ ಮೊದಲು ಚೀಟಿ ಅಂಟಿಸಬೇಕಿತ್ತು." ಇನ್ನೊಂದು ಕಡತ ಎಳೆದುಕೊಂಡು, "ಸೋಮವಾರ ಬೆಳಿಗ್ಗೆಯೊಳಗೆ ಎಂತ ಬೇಕಾದ್ರೂ ಮಾಡಿ. ನೆಲ ಮಾತ್ರ ಒಣಗಿರಬೇಕು," ಎಂದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಗೋಡೆಯೆದುರು ನಿಂತೆ. ನನ್ನ ಆಸೆ ಇದ್ದದ್ದು ಒಂದೇ ವಿಷಯದ ಮೇಲೆ. ಆರ್ಟಿಸ್ಟರು ಬರೆದದ್ದು ಎನಾಮೆಲ್ ಎಣ್ಣೆ ಬಣ್ಣದಲ್ಲಿ, ತಿಂಗಳ ಹಿಂದೆಯೇ ಒಣಗಿ ಗಟ್ಟಿಯಾಗಿತ್ತು. ಮೇಲೆ ಬಳಿದದ್ದು ನೀರಿನ ಡಿಸ್ಟೆಂಪರ್, ಅದಕ್ಕೆ ಇನ್ನೂ ಒಂದು ದಿನವಾಗಿರಲಿಲ್ಲ. ಎಣ್ಣೆಯ ಮೇಲೆ ನೀರಿನ ಬಣ್ಣ ಸರಿಯಾಗಿ ಕಚ್ಚುವುದಿಲ್ಲ. ಗಾಳಿಯಲ್ಲೂ ತೇವವಿತ್ತು, ಬಣ್ಣ ಪೂರ್ತಿ ಬಿಗಿದಿರಲಾರದು. ನೆಲದ ಹತ್ತಿರ ಯಾರಿಗೂ ಕಾಣದ ಬಲ ಮೂಲೆಯಲ್ಲಿ ಅಂಗೈಯಗಲದ ಜಾಗ ಆರಿಸಿದೆ. ಹತ್ತಿಯನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿ ಒತ್ತಿ ಹಿಡಿದು, ಗಡಿಯಾರ ನೋಡಿ ಎರಡು ನಿಮಿಷ ಬಿಟ್ಟೆ. ತೆಗೆದಾಗ ಹತ್ತಿ ಬೆಳ್ಳಗಾಗಿತ್ತು, ಗೋಡೆ ಹಾಗೆಯೇ ಇತ್ತು. ಮತ್ತೊಮ್ಮೆ ಮಾಡಿದೆ. ಮೂರನೆಯ ಸಲ ಅವಸರಕ್ಕೆ ಬಿದ್ದು ಉಜ್ಜಿದೆ.

"ಅಯ್ಯಯ್ಯೋ, ಉಜ್ಜಬೇಡಿ ಮಾರಾಯ್ರೆ!"

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು. ಅವರಿಗೆ ಅಂದು ಹಾಸ್ಟೆಲಿನ ಕೆಲಸವಿತ್ತು, ನಿನ್ನೆ ನಾನು ಕೂಗಾಡಿದ್ದೂ ಇತ್ತು. ಆದರೂ ಬಂದಿದ್ದರು.

"ಉಜ್ಜಿದ್ರೆ ಕೆಳಗಿನದ್ದರ ಮಿರುಗು ಹೋಗ್ತದೆ. ಅದಕ್ಕೆ ನೀರು ಕುಡಿಸಿ. ಕುಡಿದು ಕುಡಿದು ಅದೇ ಏಳ್ತದೆ, ನಾವು ಎಬ್ಬಿಸುದಲ್ಲ."

ಹಳೆಯ ಪಂಚೆಗಳನ್ನು ನೆನೆಸಿ, ಹಿಂಡಿ, ಗೋಡೆಗೆ ಹಾಸಿದಂತೆ ಅಂಟಿಸಿದೆವು. ಮೇಲೆ ಪ್ಲಾಸ್ಟಿಕ್ ಹಾಳೆ. ಕಾಲು ಗಂಟೆ ಕಾದು, ಮೇಲಿನಿಂದ ಕೆಳಕ್ಕೆ ನಿಧಾನ ಬಿಡಿಸಿದಾಗ ಬಿಳಿ ಪದರ ಬಟ್ಟೆಗೆ ಅಂಟಿಕೊಂಡೇ ಬಂತು. ಕೆಳಗೆ ಒಂದು ನೀಲಿ ಅಂಚು, ಅದರೊಳಗೆ ಒಂದು ಹಳದಿ ಒತ್ತು. ಸೋಡಾ ಅಂಗಡಿಯ ಬೋರ್ಡು! ನಾನು ಅತ್ತೇಬಿಟ್ಟೆ. ಮೇಸ್ತ್ರಿ ಬೇರೆ ಕಡೆ ನೋಡುತ್ತಾ, "ಹನಿ ನೆಲಕ್ಕೆ ಬೀಳ್ತದೆ ಮೇಡಂ, ಪೇಪರ್ ಹಾಸಿ," ಎಂದರು. ನೀರಿನ ಹನಿಯ ಬಗ್ಗೆ ಹೇಳಿದ್ದು.

ಬಲದಿಂದ ಎಡಕ್ಕೆ ಹೋದೆವು. ಅಂಚುಗಳಿಗೆ ಬಿದಿರಿನ ಸೀಳು, ಅಕ್ಷರದ ತಿರುವುಗಳಿಗೆ ಹತ್ತಿ ಸುತ್ತಿದ ಕಡ್ಡಿ. ಗಂಟೆಗೆ ಅರ್ಧ ಬೋರ್ಡಿಗಿಂತ ಹೆಚ್ಚು ಸಾಗಲಿಲ್ಲ. ಮಧ್ಯಾಹ್ನದ ನಂತರ ಚಿತ್ರಕಲೆಯ ಸಹೋದ್ಯೋಗಿಯೂ ಅಂತಿಮ ವರ್ಷದ ಇಬ್ಬರು ಹುಡುಗಿಯರೂ ಸೇರಿಕೊಂಡರು. ಒಂದೊಂದು ಬಟ್ಟೆ ಬಿಡಿಸಿದಾಗಲೂ ಅದರ ಹಿಂಬದಿ ತಿರುಗಿಸಿ ನೋಡುತ್ತಿದ್ದೆ. ಬಟ್ಟೆಯ ಜೊತೆ ಅಕ್ಷರವೇ ಎದ್ದು ಬಂದರೆ ಏನು ಗತಿ? ಹುಡುಗಿಯರು ಹುಡುಗಾಟಕ್ಕೆ ನಕ್ಕರೂ ನಾನು ಗದರುತ್ತಿದ್ದೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಬೋರ್ಡುಗಳು ಹೊರಬಂದವು. ಬಣ್ಣ ಸ್ವಲ್ಪ ಮಂಕಾಗಿತ್ತು, ಅಷ್ಟೇ.

ಹತ್ತನೆಯದಕ್ಕೆ ಬಟ್ಟೆ ಹಾಸಲು ಹೋದಾಗ ಮೇಸ್ತ್ರಿ ನನ್ನ ಕೈ ತಡೆದರು. ಅವರ ಮುಖ ಸಣ್ಣಗಾಗಿತ್ತು.

"ಇಲ್ಲಿಂದ ಆಚೆ ಸಿಕ್ಲಿಕ್ಕಿಲ್ಲ. ನಾವು ಎಡದಿಂದ ಸುರು ಮಾಡಿದ್ದು. ಮೊದಲಿನ ಐದಕ್ಕೆ ಮಿಷನಿನಲ್ಲಿ ಉಪ್ಪುಕಾಗದ ಹಿಡಿದು ಉಜ್ಜಿ, ಪುಟ್ಟಿ ಹಾಕಿ, ಕ್ರಮದಲ್ಲಿ ಮಾಡಿದೆವು. ಊಟದ ಹೊತ್ತಾಯ್ತು, ಆಮೇಲಿನದ್ದಕ್ಕೆ ಉದಾಸೀನ ಆಗಿ ಹಾಗೇ ರೋಲರ್ ಹೊಡೆದೆವು."

ಅಂದರೆ ಒಂಬತ್ತು ಉಳಿದದ್ದು ಅವರ ಉದಾಸೀನದಿಂದ, ಐದು ಹೋದದ್ದು ಅವರ ಶ್ರದ್ಧೆಯಿಂದ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಆದರೂ ಬಟ್ಟೆ ಹಾಸಿದೆ. ಕಾಲು ಗಂಟೆಯ ಬದಲು ಅರ್ಧ ಗಂಟೆ ಬಿಟ್ಟೆ. ಬಿಳಿ ಹೋಯಿತು, ಪುಟ್ಟಿ ಕೆಸರಾಗಿ ಇಳಿಯಿತು, ಕೆಳಗೆ ಸಿಮೆಂಟಿನ ಬೂದು ಕಾಣಿಸಿತು. ಅಕ್ಷರವಿದ್ದಲ್ಲಿ ಎರಡು ಮೂರು ಕೆಂಪು ಚುಕ್ಕೆ. ಟೈಲರ್ ಅಂಗಡಿ, ಛತ್ರಿ ರಿಪೇರಿ, ಕುಂಬ್ರದ ಹೋಟೆಲು, ಎರಡು ಜೀಪು: ಐದೂ ಹೋಗಿದ್ದವು.

ನೆಲದ ಮೇಲೆ ಕುಸಿದು ಕೂತೆ. ಚಿತ್ರಕಲೆಯ ಸಹೋದ್ಯೋಗಿ ಪಕ್ಕದಲ್ಲಿ ಕೂತು ತಮ್ಮ ಮೊಬೈಲು ತೆಗೆದರು. ಹದಿನಾಲ್ಕು ಬೋರ್ಡುಗಳ ಫೋಟೋ ಅದರಲ್ಲಿ ಸ್ಪಷ್ಟವಾಗಿತ್ತು.

"ನೋಡಿ, ಎಂತಕ್ಕೆ ಇಷ್ಟು ಟೆನ್ಶನ್? ಈ ಐದಕ್ಕೆ ಮತ್ತೆ ಪುಟ್ಟಿ ಹಾಕಿ ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಡುವ. ಮಕ್ಕಳು ಗೆರೆ ಎಳೆದು ಬಣ್ಣ ತುಂಬಿಸ್ತಾರೆ. ನಾಳೆ ಸಂಜೆಗೆ ಮುಗೀತದೆ." ಆಮೇಲೆ ಸ್ವರ ತಗ್ಗಿಸಿ, "ಅವರಿಗೆ ಹೇಗೂ ಕಣ್ಣು ಅಷ್ಟಕ್ಕಷ್ಟೇ ಅಲ್ವಾ? ಗೊತ್ತಾಗ್ಲಿಕ್ಕಿಲ್ಲ. ಅವರಿಗೂ ಬೇಜಾರಿಲ್ಲ, ನಿಮಗೂ ಇಲ್ಲ."

ಒಪ್ಪಿಕೊಂಡೆ. ಸುಳ್ಳು ಹೇಳಿ ಏನು ಪ್ರಯೋಜನ, ಒಪ್ಪಿಕೊಂಡೆ. ಎರಡು ದಿನದ ಮೇಲೆ ಮೊದಲ ಬಾರಿಗೆ ಉಸಿರು ಸಲೀಸಾಗಿ ಬಂತು. ಮುದುಕರ ಮನಸ್ಸಿಗೆ ನೋವಾಗಬಾರದಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಮೇಸ್ತ್ರಿ ಬೇಗ ಒಣಗುವ ಪುಟ್ಟಿ ಎಳೆದರು, ಫ್ಯಾನು ಹಿಡಿದರು. ನಾಲ್ಕು ಗಂಟೆಗೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಟೈಲರ್ ಅಂಗಡಿಯ ಅಕ್ಷರಗಳು ಗೋಡೆಯ ಮೇಲೆ ಬಂದು ಕೂತವು. ಕೈ ಚೆನ್ನಾಗಿದ್ದ ಹುಡುಗಿ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದಳು. ಮೇಸ್ತ್ರಿ ಮಾತ್ರ ಬಕೆಟು ತೊಳೆಯಲು ಹೊರಗೆ ಹೋದರು.

ಹುಡುಗಿ ಬೋರ್ಡಿನ ಕೆಳಗಿನ ಮೂಲೆಗೆ ಬಂದಳು. ಅಲ್ಲಿ ನಿಂತು, ಪೆನ್ಸಿಲು ಹಿಡಿದೇ ತಿರುಗಿ ಕೇಳಿದಳು.

"ಮೇಡಂ, ಅವರ ಸೈನ್ ಕೂಡ ನಾನೇ ಹಾಕುದಾ?"

ಪ್ರತಿ ಬೋರ್ಡಿನ ಮೂಲೆಯಲ್ಲೂ ಆರ್ಟಿಸ್ಟರು ಅಕ್ಕಿಕಾಳಿನಷ್ಟು ಸಣ್ಣದಾಗಿ ಹೆಸರು ಬರೆಯುತ್ತಿದ್ದರು. ಅವಳು ಕುಹಕದಿಂದ ಕೇಳಿದ್ದಲ್ಲ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೇಳುವಂತೆ ಕೇಳಿದ್ದಳು. ಹೌದು ಎಂದರೆ ನಾನು ಇಪ್ಪತ್ತು ವರ್ಷದ ಹುಡುಗಿಗೆ ಗ್ಯಾಲರಿಯೊಳಗೆ ನಿಂತು ಕಳ್ಳಸಹಿ ಕಲಿಸಿದಂತೆ. ಸೈನ್ ಬೇಡ ಎಂದರೆ, ಬೇಡ ಏಕೆ ಎಂದು ಅವಳು ಕೇಳಿದರೆ?

"ಬೇಡ. ಏನೂ ಬೇಡ. ಪ್ರೊಜೆಕ್ಟರ್ ಆಫ್ ಮಾಡಿ. ಎಳೆದದ್ದನ್ನು ಅಳಿಸಿ."

"ಎಂತಾಯ್ತು ನಿಮಗೆ?" ಎಂದರು ಸಹೋದ್ಯೋಗಿ. "ಈಗ ಅವರಿಗೆ ಎಂತ ತೋರಿಸ್ತೀರಿ?"

"ಗೊತ್ತಿಲ್ಲ. ಮೊದಲು ಹೋಗಿ ಹೇಳಿ ಬರ್ತೇನೆ."

ಭಾನುವಾರ ಬೆಳಿಗ್ಗೆ ಕಡಬದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡೆ: ದುರದೃಷ್ಟವಶಾತ್, ಕಣ್ತಪ್ಪಿನಿಂದ, ಗುತ್ತಿಗೆದಾರರ ಕಡೆಯವರಿಂದ. ಪೇಟೆಯಲ್ಲಿ ಇಳಿದು ಜೀಪಿನಲ್ಲಿ ಹೋಗಿ ಅವರ ಮನೆಯ ಮೆಟ್ಟಿಲು ಹತ್ತುವಾಗ ಒಂದೂ ಉಳಿದಿರಲಿಲ್ಲ. ಅವರು ಚಾವಡಿಯಲ್ಲಿ ರೇಡಿಯೋ ಹಚ್ಚಿ ಕೂತಿದ್ದರು. ನನ್ನ ಸ್ವರ ಕೇಳಿ ಮುಖ ಅರಳಿತು.

"ಓ, ಮೇಡಮಾ! ನಾಳೆ ನಾನೇ ಬರ್ತಿದ್ದೆನಲ್ಲ, ಅಂಗಿಗೆ ಇಸ್ತ್ರಿ ಕೂಡ ಆಯ್ತು."

ನಿಂತೇ ಹೇಳಿದೆ. ಚೀಟಿ ಅಂಟಿಸದಿದ್ದದ್ದು, ಪಂಜಕ್ಕೆ ಹೋದದ್ದು, ಅಡ್ವರ್ಟೈಸ್‌ಮೆಂಟ್ ಎಂದು ಬಳಿದದ್ದು, ಒಂಬತ್ತು ಸಿಕ್ಕಿದ್ದು, ಐದು ಹೋದದ್ದು. ಅವರು ರೇಡಿಯೋ ಆರಿಸಿದರು. ಯಾವ ಐದು ಎಂದು ಕೇಳಿದರು. ಹೇಳಿದೆ.

"ಹಾಗಾದ್ರೆ ನೀವಿದ್ದದ್ದು ಎಂತಕ್ಕೆ?"

"ನನ್ನದೇ ತಪ್ಪು."

"ನಿಮ್ಮದೇ. ಬಳಿದವನದ್ದು ಅಂತ ನಾನೂ ಹೇಳುದಿಲ್ಲ." ಅವರ ಸ್ವರ ಏರಿತು. "ಗ್ಯಾಲರಿ ಅಂದ್ರೆ ಎಂತ ಮೇಡಂ? ಕುಂಬ್ರದಲ್ಲಿ ನನ್ನ ಬೋರ್ಡು ಬಿಸಿಲಿಗೆ, ಬಸ್ಸಿನ ಧೂಳಿಗೆ ಇಪ್ಪತ್ತು ವರ್ಷ ನಿಂತದ್ದುಂಟು. ನಿಮ್ಮ ಬೀಗ ಹಾಕಿದ ರೂಮಲ್ಲಿ ಎರಡು ತಿಂಗಳು ನಿಲ್ಲಲಿಲ್ಲ. ರಸ್ತೆಯೇ ವಾಸಿಯಲ್ವಾ? ನಾನು ಬರುದಿಲ್ಲ. ನಿಮ್ಮ ಕಮಿಟಿಯವರಿಗೆ ಬಿಳಿ ಗೋಡೆ ತೋರಿಸಿ."

ಚಹಾ ಕುಡಿದು ಹೋಗಿ ಎಂದು ಒಳಗಿನಿಂದ ಯಾರೋ ಕರೆದರು. ಕುಡಿಯುವ ಮುಖ ನನಗಿರಲಿಲ್ಲ. ಹಿಂದೆ ಬರುವಾಗ ಬಸ್ಸಿನಲ್ಲಿ, ಹೇಳಬಾರದಿತ್ತೇನೋ ಎಂದು ಒಮ್ಮೆ, ಹೇಳಿದ್ದೇ ಸರಿ ಎಂದು ಒಮ್ಮೆ ಯೋಚಿಸಿದೆ. ಗ್ಯಾಲರಿ ಅಂದ್ರೆ ಎಂತ ಎಂದು ಅವರು ಕೇಳಿದ್ದಕ್ಕೆ, ಸಮಿತಿಯ ಹಾಳೆಯಲ್ಲಿ ನಾನು ಬರೆದ ಯಾವ ಮಾತೂ ಉತ್ತರವಾಗುವಂತಿರಲಿಲ್ಲ.

ಸೋಮವಾರ ಹನ್ನೊಂದಕ್ಕೆ ಸಮಿತಿ ಬಂತು. ಗ್ಯಾಲರಿಯಲ್ಲಿ ಅವರು ನಿಂತದ್ದು ನಾಲ್ಕು ನಿಮಿಷ. ಒಬ್ಬರು ಸೋಡಾ ಅಂಗಡಿಯ ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಂಡರು. ಮುಖ್ಯಸ್ಥರು ಎಡಗಡೆಯ ಐದು ಬಿಳಿ ಜಾಗಗಳನ್ನು ನೋಡಿ, "ಇಲ್ಲಿ ಇನ್ನೂ ಬರೆಯಲಿಕ್ಕೆ ಉಂಟಾ?" ಎಂದು ಕೇಳಿದರು.

"ಇಲ್ಲ ಸರ್, ಬರೆದದ್ದೇ ಹೋಯಿತು. ನನ್ನ ಅಜಾಗ್ರತೆಯಿಂದ," ಎಂದೆ. ಪ್ರಾಂಶುಪಾಲರು ಕೆಮ್ಮಿದರು. ಮುಖ್ಯಸ್ಥರು ಏನೋ ಗೀಚಿಕೊಂಡು, ಒಟ್ಟಿನಲ್ಲಿ ಕ್ಯಾಂಪಸ್ಸಿನ ಗೋಡೆಗಳು ಬಹಳ ಸ್ವಚ್ಛವಾಗಿವೆ ಎಂದು ಮೆಚ್ಚಿ ಮುಂದಿನ ಕಟ್ಟಡಕ್ಕೆ ಹೋದರು.

ಮೂರು ಗಂಟೆಯ ಉದ್ಘಾಟನೆಗೆ ವಿದ್ಯಾರ್ಥಿಗಳು, ಸುತ್ತಲಿನ ಕೆಲವು ಅಂಗಡಿಯವರು ಸೇರಿದ್ದರು. ದೀಪ ಹಚ್ಚಲು ಯಾರನ್ನು ಕರೆಯುವುದು ಎಂದು ಗುಸುಗುಸು ನಡೆದಿತ್ತು. ಆಗ ಹೊರಗೆ ಜೀಪು ನಿಂತ ಸದ್ದು ಕೇಳಿಸಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ ಆರ್ಟಿಸ್ಟರು ಚಾಲಕನ ಹೆಗಲು ಹಿಡಿದು ಮೆಟ್ಟಿಲು ಹತ್ತಿದರು. ಯಾರ ನಮಸ್ಕಾರಕ್ಕೂ ನಿಲ್ಲದೆ ನೇರ ಉತ್ತರದ ಗೋಡೆಗೆ ಹೋದರು.

ಅವರು ಗೋಡೆಯನ್ನು ನೋಡಲಿಲ್ಲ. ಬಲಗೈಯ ಬೆರಳುಗಳನ್ನು ಅದರ ಮೇಲಿಟ್ಟು ಬಲದಿಂದ ಎಡಕ್ಕೆ ನಡೆದರು. ಎನಾಮೆಲ್ ಬಣ್ಣ ಗೋಡೆಗಿಂತ ಕೂದಲೆಳೆಯಷ್ಟು ಎದ್ದಿರುತ್ತದೆ, ಆ ಅಂಚನ್ನು ಹಿಡಿದು ಬೆರಳು ಹೋಗುತ್ತಿತ್ತು.

"ಇದು ನನ್ನದು," ಎಂದರು. ಮುಂದಿನದಕ್ಕೆ ಸರಿದರು. "ಇದೂ ನನ್ನದು. ಇದು... ಹ್ಞಾಂ, ನನ್ನದೇ." ಹಾಗೆ ಒಂಬತ್ತು ಬಾರಿ. ಹತ್ತನೆಯ ಜಾಗದಲ್ಲಿ ಬೆರಳು ಜಾರಿತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಮೇಲೆ, ಕೆಳಗೆ, ಮೂಲೆಗೆ, ಮೂರು ಸಲ ಸವರಿದರು.

"ಯಾರ ಕೈಯಲ್ಲೂ ಬರೆಸಲಿಲ್ಲ ನೀವು."

"ಇಲ್ಲ."

"ಬರೆಸಿದ್ರೆ ಗೊತ್ತಾಗ್ತಿತ್ತು. ಕಣ್ಣು ಮಂಜಾದ ಮೇಲೆ ನಾನು ಕೆಲಸ ಮಾಡಿದ್ದೇ ಬೆರಳಲ್ಲಿ. ಇನ್ನೊಬ್ಬನ ಅಂಚು ಸಿಕ್ಕಿದ್ದಿದ್ರೆ ಇಲ್ಲಿಂದಲೇ ವಾಪಸ್ ಹೋಗ್ತಿದ್ದೆ."

ಸಹೋದ್ಯೋಗಿ ಸೀಲಿಂಗ್ ನೋಡುತ್ತಿದ್ದರು. ಪೆನ್ಸಿಲು ಹಿಡಿದಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಗೋಡೆಯ ಬದಿಯಲ್ಲಿ ನಿಂತಿದ್ದ ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದರು.

"ಅಣ್ಣ, ಉಜ್ಜಿದ್ದು ನಾನು."

"ನೀವಾ? ಲಾಯ್ಕ ಉಜ್ಜಿದ್ದೀರಿ ಮಾರಾಯ್ರೆ. ಒಂದು ಗೆರೆ ಬಿಡಲಿಲ್ಲ," ಎಂದರು ಆರ್ಟಿಸ್ಟರು. ಹೊಗಳಿಕೆಯೋ ಬೈಗುಳವೋ ಯಾರಿಗೂ ತಿಳಿಯಲಿಲ್ಲ, ಮೇಸ್ತ್ರಿಗೂ. ಆಮೇಲೆ ನನ್ನ ಸ್ವರ ಬಂದ ದಿಕ್ಕಿಗೆ ತಿರುಗಿದರು. "ನಿನ್ನೆ ಬೈದದ್ದು ಬೈದದ್ದೇ. ಅದನ್ನು ನಾನು ಹಿಂದೆ ತೆಗೆಯುದಿಲ್ಲ."

"ಆಯ್ತು."

ಅವರು ಮುಖವೆತ್ತಿ, ಒಳ್ಳೆಯ ಕಣ್ಣನ್ನು ಕಿರಿದು ಮಾಡಿ, ಎಡಗಡೆಯ ಐದು ಜಾಗಗಳನ್ನೂ ಬಲಗಡೆಯ ಒಂಬತ್ತನ್ನೂ ಒಮ್ಮೆ ದಿಟ್ಟಿಸಿದರು.

"ಇಲ್ಲಿ ಎಂತ ಕತ್ತಲೆ? ಆಚೆಗೆಲ್ಲ ಲೈಟು ಉಂಟಲ್ವಾ?"

ಬೆಳಿಗ್ಗೆ ಸಮಿತಿ ಬರುವ ಮೊದಲು ಬಿಳಿ ಜಾಗದ ಐದು ದೀಪಗಳನ್ನು ನಾನೇ ಬೋರ್ಡುಗಳ ಕಡೆಗೆ ತಿರುಗಿಸಿದ್ದೆ. ನಾಚಿಕೆಯಾಗಿತ್ತು, ಅದಕ್ಕೆ.

"ಅಲ್ಲಿ ಏನೂ ಇಲ್ಲವಲ್ಲ ಆರ್ಟಿಸ್ಟರೇ, ಅಂತ..."

"ಇದಕ್ಕೂ ಹಾಕಿ," ಎಂದರು. "ಈ ಐದು ಇಲ್ಲಿತ್ತು ಅಂತ ಜನರಿಗೆ ಗೊತ್ತಾಗುದು ಬೇಡ್ವಾ?"

ಅಟೆಂಡರ್ ಸ್ಟೂಲು ತಂದರು. ಅದರ ಮೇಲೆ ಹತ್ತಿ ನಿಂತು, ಕಾದ ದೀಪಗಳನ್ನು ಒಂದೊಂದಾಗಿ ತಿರುಗಿಸಿದೆ, ಐದನ್ನೂ. ಕೆಳಗೆ ಆರ್ಟಿಸ್ಟರು ಖಾಲಿ ಗೋಡೆಗೆ ಮುಖಮಾಡಿ, ಇನ್ನೂ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಎಂದು ಹೇಳುತ್ತಾ ನಿಂತಿದ್ದರು.